ನೈಟಿ ತೊಟ್ಟ ಬೆರ್ಚಪ್ಪ

ನಮ್ಮ ಗದ್ದೆಯ ಬೆರ್ಚಪ್ಪ ಈ ಸಲ ನೈಟಿ ತೊಟ್ಟಿದ್ದ. ತಪ್ಪು ನನ್ನದೇ. ಹುತ್ತರಿ ಹತ್ತಿರ ಬಂದಿತ್ತು, ತೆನೆ ಬಾಗಿತ್ತು, ಗಿಳಿಗಳು ಹಿಂಡುಹಿಂಡಾಗಿ ಇಳಿಯುತ್ತಿದ್ದವು. ನಮ್ಮನೆಯವರು ಹಳೇ ಪ್ಯಾಂಟುಗಳನ್ನೆಲ್ಲ ಕಾಫಿ ಕೊಯ್ಲಿಗೆ ಬೇಕೆಂದು ಬಚ್ಚಿಟ್ಟಿದ್ದರು. ಕೈಗೆ ಸಿಕ್ಕಿದ್ದು ನನ್ನ ಹೂವಿನ ನೈಟಿ. ಬಿದಿರಿನ ಅಡ್ಡಕೋಲಿಗೆ ತೊಡಿಸಿ, ಹೋದ ವರ್ಷದ ಹುಲ್ಲು ತುರುಕಿ, ಮಡಕೆ ಕವುಚಿದೆ. ಹುಲ್ಲು ಜಾರಿ ಹೊಟ್ಟೆಯಲ್ಲಿ ನಿಂತಿತು. ಥೇಟ್ ಏಳು ತಿಂಗಳ ಬಸುರಿ.

“ಬೆರ್ಚಪ್ಪನಿಗೆ ಯಾರಾದ್ರೂ ನೈಟಿ ಹಾಕ್ತಾರೇನೇ? ಹಕ್ಕಿ ಹೆದರೋದು ಬೇಡ್ವಾ?” ಎಂದರು ಅತ್ತೆ. ಅವರು ನೈಟಿಯಲ್ಲೇ ಜಗಲಿಗೆ ಬಂದು ಒಂದು ಕೂಗು ಹಾಕಿದರೆ ಹಕ್ಕಿಯೇನು, ಮಾವನವರೇ ಜಾಗ ಖಾಲಿ ಮಾಡುತ್ತಾರೆ. ಹೇಳಲಿಲ್ಲ.

ಬೆಂಗಳೂರಿನಲ್ಲಿ ಚಿತ್ರಕಲೆ ಓದುವ ಮಗಳಿಗೆ ಫೋಟೊ ಕಳಿಸಿದೆ. “ಅಮ್ಮಾ, ಥೇಟ್ ಸಾರಾ ಲೂಕಸ್!” ಎಂದಳು. ಯಾರಪ್ಪಾ ಎಂದು ಹುಡುಕಿದರೆ, ಇಂಗ್ಲೆಂಡಿನ ಶಿಲ್ಪಿ. 1997ರಲ್ಲಿ ಹೆಂಗಸರ ಉದ್ದ ಕಾಲುಚೀಲಕ್ಕೆ ಬೂರುಗದ ಹತ್ತಿ ತುಂಬಿ ಕುರ್ಚಿಗೆ ಒರಗಿಸಿ ‘ಬನ್ನಿ’ ಎಂದು ಹೆಸರಿಟ್ಟರಂತೆ. ನಾವು ಬಾಗಿಲಲ್ಲಿ ಹೇಳುವ ಬನ್ನಿ ಅಲ್ಲ, ಮೊಲ. ತಲೆಯಿಲ್ಲ, ಮುಖವಿಲ್ಲ, ಜೋತುಬಿದ್ದ ಕೈಕಾಲು ಮಾತ್ರ. ಆದರೂ ಹೆಣ್ಣೆಂದು ಯಾರೂ ಹೇಳಬೇಕಿಲ್ಲ. ನಮ್ಮ ದಿಂಬಿನೊಳಗಿನಂಥದೇ ಹತ್ತಿ, ಅಲ್ಲಿ ನೋಡಿದರೆ ಮೈ ಜುಮ್ಮೆನ್ನುತ್ತದೆ.

ನನಗೆ ಹೆಚ್ಚು ಹಿಡಿಸಿದ್ದು ಅಮೆರಿಕದ ಕಲಾವಿದೆ ಸೆಂಗಾ ನೆಂಗುಡಿ. 1970ರ ದಶಕದಲ್ಲಿ, ಹೆರಿಗೆಯಾದ ಮೇಲೆ ತನ್ನ ಮೈ ಹಿಗ್ಗಿದ್ದು ಕುಗ್ಗಿದ್ದು ನೋಡಿ, ಹಳೇ ನೈಲಾನ್ ಕಾಲುಚೀಲಕ್ಕೆ ಮರಳು ತುಂಬಿ ಗೋಡೆಯಿಂದ ಗೋಡೆಗೆ ಎಳೆದು ಕಟ್ಟಿದಾಕೆ. ಮರಳು ತುದಿಯಲ್ಲಿ ಜೋತು ನಿಲ್ಲುತ್ತದೆ. ಮಗಳು ಹುಟ್ಟಿದ ಮೇಲೆ ನನ್ನ ರವಿಕೆಗಳ ಹೊಲಿಗೆ ಎಷ್ಟು ಸಲ ಬಿಚ್ಚಿಸಿದ್ದೇನೋ, ಟೈಲರ್‌ಗೇ ಗೊತ್ತು. ಆತ ಯಾವತ್ತೂ ಅದನ್ನು ಕಲೆ ಎನ್ನಲಿಲ್ಲ. ಇಪ್ಪತ್ತು ರೂಪಾಯಿ ತಗೊಂಡ.

ನಮ್ಮವರೇ ಆದ ಭದ್ರಾವತಿಯ ಕಲಾವಿದೆ ಶೀಲಾ ಗೌಡರು 2009ರಲ್ಲಿ ಸುಮಾರು 4 ಕಿಲೋಮೀಟರ್ ಕೂದಲ ಹಗ್ಗಕ್ಕೆ ಕಾರಿನ ಬಂಪರುಗಳನ್ನು ತೂಗುಹಾಕಿದ್ದರು. ದೃಷ್ಟಿ ತಾಗದಿರಲೆಂದು ಗಾಡಿಗೆ ಕಟ್ಟುತ್ತಾರಲ್ಲ, ಅದೇ ಹಗ್ಗ. ಬಾಚಣಿಗೆಯಲ್ಲಿ ಸಿಕ್ಕಿದರೆ ಎಲ್ಲರೂ ಮುಖ ಸಿಂಡರಿಸುವ ಕೂದಲು ಕಬ್ಬಿಣ ಹೊತ್ತು ನಿಂತಿತ್ತು.

ಗಿಳಿಗಳು ಹೆದರಿದವೇ? ಮೊದಲೆರಡು ದಿನ ಹೆದರಿದವು. ಮೂರನೆಯ ದಿನ ಒಂದು ಬಂದು ಬಸುರಿಯ ಭುಜದ ಮೇಲೇ ಕೂತಿತು. ಆದರೆ ಪ್ಯಾಂಟು ತೊಟ್ಟಿದ್ದ ಹೋದ ವರ್ಷದವನ ಕಥೆಯೂ ಇದೇ ಆಗಿತ್ತಲ್ಲ.

ಕೊಯ್ಲು ಮುಗಿಯಿತು. ಅತ್ತೆ ನೈಟಿ ಬಿಚ್ಚಿ, ಒಗೆದು, ತಂತಿಗೆ ಹಾಕಿದ್ದಾರೆ; ನೆಲ ಒರೆಸೋಕೆ ಇನ್ನೊಂದು ವರ್ಷ ಬರುತ್ತಂತೆ. ಹೊಟ್ಟೆಯ ಹುಲ್ಲು ಹಸು ತಿಂದಿತು.