ಜೋಗದ ಫೋಟೋ ಉಚಿತ ಹೌದು, ಆದರೆ ತೆಗೆದವರ ಹೆಸರು ಬೇಕು

ಒಂದು ವಾರದಿಂದ ಶಿವಮೊಗ್ಗ, ಸಾಗರದ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. "ವಿಕಿಪೀಡಿಯದಲ್ಲಿರುವ ಜೋಗ, ಆಗುಂಬೆ, ಕೊಡಚಾದ್ರಿಯ ಫೋಟೋಗಳಿಗೆ ಕಾಪಿರೈಟ್ ಇಲ್ಲ. ಯಾರ ಹೆಸರೂ ಹಾಕಬೇಕಿಲ್ಲ, ಬಳಸಿ" ಅಂತ. ಇದು ತಪ್ಪು. ಹೋದ ತಿಂಗಳು ಹೋಂಸ್ಟೇ ನಡೆಸುವ ಕೆಲವು ಗೆಳೆಯರಿಗೆ ನಾನೂ ಹೆಚ್ಚುಕಡಿಮೆ ಹೀಗೇ ಹೇಳಿದ್ದೆ. ಕ್ಷಮಿಸಿ.

ವಿಕಿಪೀಡಿಯದ ಹೆಚ್ಚಿನ ಫೋಟೋಗಳು ಇರುವುದು ಎಲ್ಲರಿಗೂ ತೆರೆದ ಫೋಟೋ ಸಂಗ್ರಹವಾದ ವಿಕಿಮೀಡಿಯ ಕಾಮನ್ಸ್‌ನಲ್ಲಿ. ಅವುಗಳಲ್ಲಿ ಬಹಳಷ್ಟರ ಹಕ್ಕು ತೆಗೆದವರ ಹತ್ತಿರವೇ ಇದೆ. ಕ್ರಿಯೇಟಿವ್ ಕಾಮನ್ಸ್ (ಚುಟುಕಾಗಿ ಸಿಸಿ) ಲೈಸೆನ್ಸ್ ಮೂಲಕ, ಅಂದರೆ ಮೊದಲೇ ಬರೆದಿಟ್ಟ ಒಪ್ಪಿಗೆಯ ಮೂಲಕ, ನಮಗೆ ಬಳಸಲು ಬಿಟ್ಟಿದ್ದಾರೆ, ಅಷ್ಟೆ. ಇವುಗಳಲ್ಲಿ ಜಾಸ್ತಿ ಕಾಣುವ ಲೈಸೆನ್ಸ್ ಸಿಸಿ ಬೈ-ಎಸ್‌ಎ. ಅದರ ಪ್ರಕಾರ ನಿಮ್ಮ ಹೋಂಸ್ಟೇ ಬ್ರೋಷರ್‌ಗೂ ಹಾಕಬಹುದು. ದುಡ್ಡು ಕೊಡಬೇಕಿಲ್ಲ, ಅನುಮತಿ ಕೇಳಬೇಕಿಲ್ಲ. ಆದರೆ ತೆಗೆದವರ ಹೆಸರು, ಲೈಸೆನ್ಸ್‌ನ ಹೆಸರು, ಅದರ ಕೊಂಡಿ ಕೊಡಲೇಬೇಕು. ಫೋಟೋ ತಿದ್ದಿದ್ದರೆ ಅದನ್ನೂ ಹೇಳಬೇಕು, ತಿದ್ದಿದ್ದನ್ನು ಅದೇ ಲೈಸೆನ್ಸ್‌ನಲ್ಲಿ ಹಂಚಬೇಕು. ಹೆಸರು ಕೇಳದ ಸಿಸಿ0 ಫೋಟೋಗಳೂ ಇವೆ, ನಿಜ. ಎಲ್ಲವೂ ಹಾಗಲ್ಲ. ಯಾವುದಕ್ಕೆ ಯಾವ ಲೈಸೆನ್ಸ್ ಅಂತ ಆಯಾ ಫೋಟೋದ ವಿವರ ಪುಟದಲ್ಲೇ ಬರೆದಿರುತ್ತದೆ.

ಸುರಿವ ಮಳೆಯಲ್ಲಿ, ಇಂಬಳ ಕಚ್ಚಿಸಿಕೊಂಡು ತೆಗೆದ ಫೋಟೋವನ್ನು ಯಾರೋ ನಮಗೆಲ್ಲ ಸುಮ್ನೆ ಕೊಟ್ಟಿದ್ದಾರೆ. ಅವರು ಕೇಳುವುದು ಒಂದು ಸಾಲಿನ ಹೆಸರು, ಅಲ್ವಾ?

ದಯವಿಟ್ಟು ಆ ಮೆಸೇಜ್ ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ. ಬ್ರೋಷರ್ ಇನ್ನೂ ಪ್ರೆಸ್ಸಿಗೆ ಹೋಗಿಲ್ಲವಾದರೆ ಇವತ್ತೇ ಹೆಸರು ಸೇರಿಸಿಬಿಡಿ.