ಗಿಡಗಳು ರಾತ್ರಿ ಮೀನಿನ ಉಸಿರು ಕಸಿಯುತ್ತವೆಯೇ?

ಅಕ್ವೇರಿಯಂನಲ್ಲಿ ನೆಟ್ಟ ಗಿಡಗಳು ರಾತ್ರಿ ಆಮ್ಲಜನಕವನ್ನೆಲ್ಲ ಹೀರಿ ಮೀನುಗಳನ್ನು ಕೊಲ್ಲುತ್ತವೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಸುತ್ತುತ್ತದೆ. ಅರ್ಧ ನಿಜವಿರುವುದರಿಂದಲೇ ಇದನ್ನು ನಂಬುವುದು ಸುಲಭ. ಕತ್ತಲಲ್ಲಿ ಗಿಡಗಳೂ ಆಮ್ಲಜನಕ ಬಳಸುತ್ತವೆ, ಹೌದು. ಆದರೆ ನೀರಿನ ಮೇಲ್ಮೈ ಅಲುಗುತ್ತಿದ್ದರೆ ಗಾಳಿಯಿಂದ ಆಮ್ಲಜನಕ ರಾತ್ರಿಯಿಡೀ ಕರಗುತ್ತಲೇ ಇರುತ್ತದೆ. ಸಾಧಾರಣ ತೊಟ್ಟಿಗೆ ಅಷ್ಟು ಸಾಕು.

ಬೆಳಗ್ಗೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ನಾನು ಮೊದಲು ಅನುಮಾನಿಸುವುದು ಗಿಡಗಳನ್ನಲ್ಲ. ತೊಟ್ಟಿಯಲ್ಲಿ ಮೀನು ಹೆಚ್ಚಾಗಿರಬಹುದು, ತಳದಲ್ಲಿ ಆಹಾರ ಕೊಳೆಯುತ್ತಿರಬಹುದು, ಗಿಡಗಳಿಗೆಂದು ಕೊಡುವ ಇಂಗಾಲದ ಡೈಆಕ್ಸೈಡನ್ನು ರಾತ್ರಿ ನಿಲ್ಲಿಸಲು ಮರೆತಿರಬಹುದು. ಸೆಕೆಯೂ ಕಾರಣವೇ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರ.

ಇಂಥ ಸಂದೇಶ ಬಂದಾಗ ಎಷ್ಟು ಲೀಟರ್, ಎಷ್ಟು ಮೀನು, ಎಷ್ಟು ಗಿಡ ಎಂದು ಹುಡುಕಿ; ಸಾಮಾನ್ಯವಾಗಿ ಒಂದೂ ಇರುವುದಿಲ್ಲ. ಮನೆಯಲ್ಲೇ ಪರೀಕ್ಷಿಸಬೇಕೆಂದರೆ ದೀಪ ಹಾಕುವ ಮೊದಲು, ನಸುಕಿನಲ್ಲಿ ತೊಟ್ಟಿಯ ಮುಂದೆ ಕುಳಿತುಕೊಳ್ಳಿ. ಮೀನುಗಳು ಎಲೆಗಳ ನಡುವೆ ನಿಶ್ಚಿಂತೆಯಿಂದಿದ್ದು, ಕಿವಿರುಗಳು ನಿಧಾನವಾಗಿ ಆಡುತ್ತಿದ್ದರೆ ತೊಂದರೆಯಿಲ್ಲ. ಕರಗಿದ ಆಮ್ಲಜನಕ ಅಳೆಯುವ ಕಿಟ್ ಇದ್ದರೆ ಸಂಜೆಯ ಮತ್ತು ನಸುಕಿನ ಅಳತೆಗಳನ್ನು ಹೋಲಿಸಿ. ಆಗಲೂ ಅನುಮಾನವಿದ್ದರೆ ಗಿಡ ಕೀಳಬೇಡಿ, ಫಿಲ್ಟರಿನ ನೀರು ಮೇಲ್ಮೈಯನ್ನು ಕಲಕುವಂತೆ ಅದರ ಮೂತಿಯನ್ನು ತುಸು ಮೇಲಕ್ಕೆ ತಿರುಗಿಸಿ.