ಬಾಗಿಲು ತೆರೆದಿದೆ, ಅಗಸಿ ಮುಚ್ಚಿದೆ

ನಿನ್ನೆ ಮಧ್ಯಾಹ್ನ ಮನೆಗೆ ಬಂದಿದ್ದ ಇಂಟರ್ನೆಟ್ ಕಂಪನಿಯ ಹುಡುಗ, ವಾಪಸು ಹೊಸ್ತಿಲು ದಾಟುವ ಮೊದಲೇ ನನ್ನ ದೂರು ‘ಪರಿಹಾರವಾಗಿದೆ’ ಎಂದು ತನ್ನ ಮೊಬೈಲಿನಲ್ಲಿ ಒತ್ತಿ ಹೋಗಿದ್ದಾನೆ.

ದೂರು ಇಷ್ಟೇ. ಕಲಬುರಗಿಯ ನಮ್ಮ ಮನೆಯ ಗೂಡಿನಲ್ಲಿ, ಶಹಾಬಾದ ಕಲ್ಲಿನ ಹಲಗೆಯ ಮೇಲೆ, ಹಳೆಯ ಕಂಪ್ಯೂಟರೊಂದನ್ನು ಸರ್ವರ್ ಮಾಡಿ ಮೂವತ್ತು ವರ್ಷದ ಫೋಟೊಗಳನ್ನು ತುಂಬಿಟ್ಟಿದ್ದೇನೆ. ಪುಣೆಯಲ್ಲಿರುವ ಮಗಳು ಅವನ್ನು ಅಲ್ಲಿಂದಲೇ ನೋಡಬೇಕೆಂದರೆ, ಹೊರಗಿನಿಂದ ಬಂದ ಕೋರಿಕೆಯನ್ನು ರೂಟರ್ ಈ ಕಂಪ್ಯೂಟರಿಗೆ ದಾಟಿಸಬೇಕು. ಅದೇ ಪೋರ್ಟ್ ಫಾರ್ವರ್ಡಿಂಗ್. ಪೋರ್ಟ್ ಎಂದರೆ ನಂಬರು ಹಾಕಿದ ಬಾಗಿಲಿದ್ದಂತೆ; 2283ನೆಯ ಪೋರ್ಟನ್ನು ಮನೆಯೊಳಗೆ ಈ ಕಂಪ್ಯೂಟರಿನ ವಿಳಾಸವಾದ 192.168.1.20ಕ್ಕೆ ಜೋಡಿಸಿ ಮೊಬೈಲಿನಲ್ಲಿ ನೋಡಿದರೆ ಫೋಟೊಗಳು ಥಟ್ಟನೆ ಬಂದವು. ಆ ಖುಷಿಗೆ ಶಿರಾ ಮಾಡಿಸಿ ತಿಂದು ಕೈ ತೊಳೆಯುವಾಗಷ್ಟೇ, ಮೊಬೈಲು ಮನೆಯ ವೈಫೈಯಲ್ಲಿಯೇ ಇತ್ತೆಂಬುದೂ ನಾನು ಒತ್ತಿದ್ದು ಒಳವಿಳಾಸದ ಹಳೆಯ ಬುಕ್‌ಮಾರ್ಕ್ ಎಂಬುದೂ ಹೊಳೆಯಿತು. ವೈಫೈ ಆರಿಸಿ ಹೊರವಿಳಾಸ ಹಾಕಿದರೆ ಬರೀ ಬಿಳಿಯ ಪುಟ.

ಮೂರು ದಿನ ಸೆಟ್ಟಿಂಗುಗಳನ್ನು ತಿರುವಿ ಹಾಕಿದ ಮೇಲೆ, ಕಂಪನಿಯು ನನ್ನ ರೂಟರಿಗೆ ಕೊಟ್ಟಿರುವ ವಿಳಾಸ 100.72ರಿಂದ ಶುರುವಾಗುತ್ತಿರುವುದು ಕಣ್ಣಿಗೆ ಬಿತ್ತು. 100.64ರಿಂದ 100.127ರವರೆಗಿನ ಸಾಲನ್ನು 2012ರಲ್ಲಿ ಇಂತಹ ಕಂಪನಿಗಳ ಒಳಬಳಕೆಗೆಂದೇ ಮೀಸಲಿಟ್ಟಿದ್ದಾರೆ. ಇಂಟರ್ನೆಟ್ಟಿನ ಹಳೆಯ ಮಾದರಿಯ, ಅಂದರೆ ಐಪಿವಿ4 ವಿಳಾಸಗಳು ಇರುವುದೇ ಸುಮಾರು 430 ಕೋಟಿ. ಅವು ಸಾಲದೆ, ಒಂದೇ ಹೊರವಿಳಾಸವನ್ನು ಎಷ್ಟೋ ಮನೆಗಳಿಗೆ ಹಂಚುತ್ತಾರೆ. ಹೊರಗಿನಿಂದ ಬಂದ ಕೋರಿಕೆ ಯಾವ ಮನೆಗೆಂದು ತಿಳಿಯದೆ ಕಂಪನಿಯಲ್ಲೇ ನಿಂತುಬಿಡುತ್ತದೆ. ನಾನು ಮನೆಯ ಬಾಗಿಲು ತೆರೆದು ಕಾಯುತ್ತಿದ್ದೆ, ಊರ ಅಗಸಿಯೇ ಮುಚ್ಚಿತ್ತು. ಅದರ ಕೀಲಿ ಕಂಪನಿಯ ಬಳಿ ಇತ್ತು.

ಇದನ್ನೆಲ್ಲ ಆ ಹುಡುಗನಿಗೆ ಬಿಡಿಸಿ ಹೇಳಿದೆ. ಅವನು ರೂಟರಿನ ಮುಂದೆ ಕುಕ್ಕರಗಾಲಲ್ಲಿ ಕೂತು, “ಲೈಟ್ ಹಸಿರು ಅದ ಅಲ್ರೀ ಸರ್” ಎಂದ. “ಒಳಗಿಂದ ಹೊರಗ ಹೋಗ್ತದಪ್ಪ, ಹೊರಗಿಂದ ಒಳಗ ಬರವಲ್ದು” ಎಂದೆ. ಅವನು ಒಂದು ವಿಡಿಯೊ ಹಚ್ಚಿ, “ನೋಡ್ರಿ, ಬಂತಲ್ರೀ ಒಳಗ” ಎಂದ. ಕಡೆಗೆ ಆ 100.72ನ್ನೇ ಅವನ ಮುಖಕ್ಕೆ ಹಿಡಿದೆ. ಅವನ ಕಣ್ಣು ಅರಳಿತು. “ನಿಮ್ದು ನೂರರ ಸ್ಪೀಡಿನ ಪ್ಲಾನ್ ಅದರೀ, ನೂರೇ ತೋರಸಲಾಕತ್ತದ. ಅದೂ ಮ್ಯಾಲ ಪಾಯಿಂಟ್ ಎಪ್ಪತ್ತೆರಡು ಜಾಸ್ತಿ ಅದ!” ನೀರು ಕೊಡಲು ಬಂದ ನನ್ನವಳೂ ರೂಟರಿಗೆ ಬಗ್ಗಿ, “ಹಸಿರೇ ಅದಲ್ಲ, ಮತ್ತೇನ್ ನಿಮ್ದು ತಕರಾರು?” ಎಂದಳು. ಅಲ್ಲಿಗೆ ಇಬ್ಬರ ಸಾಕ್ಷಿಯಾಯಿತು.

ಸ್ವಂತ ಹೊರವಿಳಾಸ ಬೇಕೆಂದರೆ ತಿಂಗಳಿಗೆ ಬೇರೆ ಹಣವಂತೆ. ಹೊರಗೊಂದು ಸರ್ವರನ್ನು ಬಾಡಿಗೆಗೆ ಹಿಡಿದು ಅದರ ಮೂಲಕ ಸುರಂಗ ತೋಡುವ ದಾರಿಯೂ ಇದೆ. ನನ್ನ ಮನೆಯ ಫೋಟೊ ನನ್ನ ಮಗಳು ನೋಡುವುದಕ್ಕೆ ಕಳ್ಳಗಿಂಡಿ ಕೊರೆಯಬೇಕೇ ಎಂದು ಸಿಟ್ಟು ಬರುತ್ತದೆ, ಆದರೂ ಕೊರೆಯುತ್ತೇನೆ.

ನಿನ್ನೆ ರಾತ್ರಿ ಸುಮ್ಮನೆ ತಿರುವುತ್ತಿದ್ದಾಗ ಶರಣಬಸವೇಶ್ವರ ಜಾತ್ರೆಯ ಒಂದು ಫೋಟೊ ಸಿಕ್ಕಿತು: ನನ್ನ ಅಪ್ಪನ ಹೆಗಲ ಮೇಲೆ ಕೂತ ಮಗಳು, ತೇರಿನ ಕಡೆ ನೋಡದೆ ಕೈಯಲ್ಲಿದ್ದ ಬತ್ತಾಸನ್ನೇ ನೋಡುತ್ತಿದ್ದಾಳೆ. ಅಪ್ಪ ಈಗಿಲ್ಲ. ಅವಳಿಗೆ ಫೋನು ಮಾಡಿ, ಈ ಸಲ ಜಾತ್ರೆಗೆ ಬಾ, ಮನೆಯ ವೈಫೈಯಲ್ಲಿ ಎಲ್ಲವೂ ಕಾಣಿಸುತ್ತವೆ ಎಂದೆ. ಟಿಕೆಟ್ ವೇಟಿಂಗ್‌ನಲ್ಲಿದೆಯಂತೆ.